ಆಯುರ್ದಾನ ಪಡೆದ ಧನ್ಯಜೀವಿ: ಮಾನವಿಯ ಶ್ರೀ ಜಗನ್ನಾಥದಾಸರು

ಹರಿದಾಸ ಪರಂಪರೆಯಲ್ಲಿ ಶ್ರೀ ಪುರಂದರದಾಸರು, ಶ್ರೀ ವಿಜಯದಾಸರು, ಶ್ರೀ ಗೋಪಾಲದಾಸರು ಮತ್ತು ಶ್ರೀ ಜಗನ್ನಾಥದಾಸರನ್ನು ದಾಸಚತುಷ್ಟಯರೆಂದು ಸಜ್ಜನರು ಭಕ್ತಿಯಿಂದ ಸ್ಮರಿಸುತ್ತಾರೆ. ಇವರಲ್ಲಿ ಕೊನೆಯವರಾದ ಶ್ರೀ ಜಗನ್ನಾಥದಾಸರ ಜೀವನ ಒಂದು ವ್ಯಾಧಿಯಿಂದ ತಿರುವು ಪಡೆಯಿತು. ಆ ವ್ಯಾಧಿ ಬಾರದೇ ಇದ್ದಿದ್ದರೆ ಮಾನವಿಯಲ್ಲಿ ಒಬ್ಬ ಘನ ಪಂಡಿತರು ಬಾಳಿ ಹೋಗುತ್ತಿದ್ದರು. ಕನ್ನಡಕ್ಕೆ ಹರಿಕಥಾಮೃತಸಾರ ಮಾತ್ರ ದಕ್ಕುತ್ತಿರಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ರಾಯಚೂರು ಜಿಲ್ಲೆಯ ಮಾನವಿ ಸೀಮೆಗೆ ಸೇರಿದ ಬ್ಯಾಗವಾಟ ಎಂಬ ಗ್ರಾಮದಲ್ಲಿ ಕೀಲಕ ಸಂವತ್ಸರದ ಶ್ರಾವಣ ಮಾಸದಲ್ಲಿ, ಅಂದರೆ ಕ್ರಿ.ಶ. 1728ರಲ್ಲಿ ಇವರ ಜನನವಾಯಿತು. ತಂದೆ ನರಸಪ್ಪನವರು ದೈವಭಕ್ತರು. ತಿರುಪತಿಯ ಸ್ವಾಮಿಯ ಹೆಸರನ್ನೇ ಹೊತ್ತ ಬಾಲಕ ಶ್ರೀನಿವಾಸ ಕುಶಾಗ್ರಮತಿಯಾಗಿ ಬೆಳೆದನು. ಶ್ರೀ ರಾಘವೇಂದ್ರಸ್ವಾಮಿಗಳವರ ಮಠದ ಪೀಠವನ್ನು ಅಲಂಕರಿಸಿದ ಶ್ರೀ ವರದೇಂದ್ರತೀರ್ಥರಲ್ಲಿ ಅವನ ಶಾಸ್ತ್ರಾಧ್ಯಯನ ನಡೆಯಿತು. ಪುಣೆಯ ಭಕ್ತರಿಗೆ ಈ ಯತಿವರ್ಯರ ಪರಿಚಯ ಬೇಕಿಲ್ಲ. ಅವರ ಬೃಂದಾವನ ಆ ನಗರದಲ್ಲಿಯೇ ಇದೆ. ಅಂಥ ಗುರುಗಳ ಸನ್ನಿಧಿಯಲ್ಲಿ ವ್ಯಾಕರಣ, ನ್ಯಾಯ, ವೇದಾಂತಗಳಲ್ಲಿ ಪರಿಣತಿ ಪಡೆದು ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧರಾಗಿ, ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳತೊಡಗಿದರು.

ವಿದ್ಯೆಯ ಜೊತೆಗೆ ಸೂಕ್ಷ್ಮವಾದ ಒಂದು ಅಭಿಮಾನವೂ ಬೆಳೆದಿತ್ತು. ಗೀರ್ವಾಣ ಭಾಷೆಯಲ್ಲಿ ಹೇಳಿದ್ದೇ ಶಾಸ್ತ್ರ, ಕನ್ನಡದ ಪದಗಳನ್ನು ತಾಳ ತಂಬೂರಿ ಹಿಡಿದು ಹಾಡುವುದು ಪಾಮರರ ಕೆಲಸ ಎಂಬುದು ಅಂದಿನ ಅನೇಕ ಪಂಡಿತರ ಮತವಾಗಿತ್ತು. ಆಚಾರ್ಯರೂ ಇದಕ್ಕೆ ಹೊರತಾಗಿರಲಿಲ್ಲ.

ಒಂದು ನೆಪ, ಒಂದು ವ್ಯಾಧಿ

ಶ್ರೀ ವಿಜಯದಾಸರು ಸಂಚಾರಮಾರ್ಗದಲ್ಲಿ ಮಾನವಿಗೆ ದಯಮಾಡಿಸಿದಾಗ ನಡೆದ ಪ್ರಸಂಗವನ್ನು ದಾಸಸಂಪ್ರದಾಯ ಹೀಗೆ ನೆನೆಯುತ್ತದೆ. ಊರಿನ ಬ್ರಾಹ್ಮಣರಿಗೆಲ್ಲ ದಾಸರಾಯರು ಪ್ರಸಾದಸ್ವೀಕಾರಕ್ಕೆ ಆಹ್ವಾನವಿತ್ತರು. ಶ್ರೀನಿವಾಸಾಚಾರ್ಯರಿಗೂ ಕರೆ ಹೋಯಿತು. ದಾಸರ ಪಂಕ್ತಿಯಲ್ಲಿ ಕುಳಿತು ಭೋಜನ ಮಾಡಲು ಮನಸ್ಸೊಪ್ಪದ ಆಚಾರ್ಯರು, ತಮಗೆ ಉದರವ್ಯಾಧಿ ಇದೆ, ಹೊತ್ತು ಮೀರಿ ಉಣ್ಣಲಾಗದು ಎಂಬ ನೆಪ ಹೇಳಿ ಕಳುಹಿಸಿದರು. ವಿಜಯದಾಸರು ಕೋಪಿಸಿಕೊಳ್ಳಲಿಲ್ಲ, ಹಾಗೆಯೇ ಆಗಲಿ ಎಂದು ಸುಮ್ಮನಾದರು.

ಕೆಲವೇ ದಿನಗಳಲ್ಲಿ ಆಡಿದ ಸುಳ್ಳು ನಿಜವಾಯಿತು. ಹೊಟ್ಟೆಯಲ್ಲಿ ಹುಟ್ಟಿದ ಶೂಲೆ ದಿನೇ ದಿನೇ ಉಲ್ಬಣಿಸಿತು. ಉಂಡ ಅನ್ನ ಮೈಗೆ ಹತ್ತದೆ ಶರೀರ ಕೃಶವಾಯಿತು. ವೈದ್ಯರ ಔಷಧಗಳು ಫಲಿಸಲಿಲ್ಲ. ಆಗ ಅವರಿನ್ನೂ ತರುಣರು. ವಯಸ್ಸು ಮೂವತ್ತನ್ನೂ ಮುಟ್ಟಿರಲಿಲ್ಲ. ಬೆಳೆದ ಮಗ ಕಣ್ಣೆದುರಿಗೇ ಸವೆಯುತ್ತಿರುವುದನ್ನು ಕಾಣುವ ಮನೆಯವರ ಸಂಕಟಕ್ಕೆ ಶಾಸ್ತ್ರಪಾಂಡಿತ್ಯ ಸಮಾಧಾನ ಕೊಡಲಾರದು. ಎಲ್ಲ ದಾರಿಗಳೂ ಮುಚ್ಚಿದಾಗ ಉಳಿಯುವುದು ಕ್ಷೇತ್ರದರ್ಶನ ಮತ್ತು ಗುರುಸೇವೆ ಮಾತ್ರ.

ಆಚಾರ್ಯರು ಮಂತ್ರಾಲಯಕ್ಕೆ ಬಂದು ತುಂಗಭದ್ರೆಯಲ್ಲಿ ಸ್ನಾನ ಮಾಡಿ ಶ್ರೀ ರಾಘವೇಂದ್ರಗುರುಸಾರ್ವಭೌಮರ ಸೇವೆಗೆ ನಿಂತರು. ರಾಯರು ಸ್ವಪ್ನದಲ್ಲಿ ಕಾಣಿಸಿಕೊಂಡು, ಹರಿದಾಸರಲ್ಲಿ ಮಾಡಿದ ಅಪರಾಧಕ್ಕೆ ಹರಿದಾಸರಿಂದಲೇ ಪರಿಹಾರವೆಂದು ಸೂಚಿಸಿದರು. ರಾಯರು ತಾವೇ ವ್ಯಾಧಿಯನ್ನು ನೀಗಿಸದೆ ವಿಜಯದಾಸರ ಬಳಿಗೆ ಕಳುಹಿಸಿದುದರಲ್ಲಿ ಒಂದು ಕಾರುಣ್ಯವಿದೆ. ಕೇವಲ ಶೂಲೆ ಹೋಗಿದ್ದರೆ ದೇಹ ಉಳಿಯುತ್ತಿತ್ತು. ಒಳಗಿನ ರೋಗವಾದ ಅಹಂಭಾವ ಉಳಿದೇ ಬಿಡುತ್ತಿತ್ತು.

ಉತ್ತನೂರಿನ ಆಯುರ್ದಾನ

ಪಶ್ಚಾತ್ತಾಪದಿಂದ ಬೆಂದ ಆಚಾರ್ಯರು ವಿಜಯದಾಸರ ಪಾದಗಳಿಗೆರಗಿದರು. ದಾಸರಾಯರು ಅವರನ್ನು ಕ್ಷಮಿಸಿ, ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರು.

ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಪೂರ್ವದ ಹೆಸರು ಭಾಗಣ್ಣ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಆಸ್ತಿಯೂ ಕೈತಪ್ಪಿ, ತಾಯಿ ಮತ್ತು ತಮ್ಮಂದಿರೊಡನೆ ಬಡತನವನ್ನು ಅನುಭವಿಸಿ, ಗಾಯತ್ರಿಯ ಅನುಷ್ಠಾನದಿಂದ ಸಿದ್ಧಿ ಪಡೆದ ಮಹಾನುಭಾವರು ಅವರು. ಇಂದಿನ ತೆಲಂಗಾಣದ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದರು. ಹಸಿವೆಯನ್ನೂ ಅನಾಥತೆಯನ್ನೂ ಬಲ್ಲ ಅವರಿಗೆ ಬಾಗಿಲಿಗೆ ಬಂದ ರೋಗಿಯ ಮುಖ ನೋಡಿದರೆ ಸಾಕಾಗಿತ್ತು. ಆಚಾರ್ಯರ ಪಾಂಡಿತ್ಯವನ್ನು ಅವರು ವಿಚಾರಿಸಲಿಲ್ಲ, ಹಳೆಯ ಅಪರಾಧವನ್ನೂ ಎತ್ತಲಿಲ್ಲ.

ಧನ್ವಂತರಿರೂಪಿಯಾದ ಶ್ರೀಹರಿಯನ್ನು ಕೀರ್ತನೆಯಿಂದ ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಅವರು ಆಚಾರ್ಯರಿಗೆ ಉಣ್ಣಲು ಕೊಟ್ಟರು. ಅನ್ನವೇ ನಿಲ್ಲದ ಹೊಟ್ಟೆಗೆ ರೊಟ್ಟಿ! ಆದರೆ ಅದು ಪ್ರಸಾದವಾಗಿತ್ತು. ಅಂದು ದಾಸರ ಮನೆಯ ಮೃಷ್ಟಾನ್ನವನ್ನು ಬೇಡವೆಂದವರು ಇಂದು ದಾಸರ ಕೈಯ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರು. ಶೂಲೆ ಶಮನವಾಯಿತು.

ರೋಗ ಶಮನವಾದರೂ ಆಯುಷ್ಯವೇ ಮುಗಿಯುತ್ತ ಬಂದಿತ್ತು. ಗುರುವಿನ ಆಜ್ಞೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಆಚಾರ್ಯರಿಗೆ ಧಾರೆಯೆರೆದರೆಂದು ಸಂಪ್ರದಾಯ ಸಾರುತ್ತದೆ. ದ್ರವ್ಯದಾನ, ಅನ್ನದಾನ, ವಿದ್ಯಾದಾನಗಳನ್ನು ಲೋಕ ಕಂಡಿದೆ. ಮಕ್ಕಳು ಹಾಸಿಗೆ ಹಿಡಿದಾಗ ತನ್ನ ಆಯುಷ್ಯವನ್ನಾದರೂ ಕೂಸಿಗೆ ಕೊಡು ದೇವರೇ ಎಂದು ತಾಯಿತಂದೆಗಳು ಮೊರೆಯಿಡುತ್ತಾರೆ. ಆ ಮೊರೆಯನ್ನು ರಕ್ತಸಂಬಂಧವಿಲ್ಲದ ಒಬ್ಬರಿಗಾಗಿ ಇಟ್ಟು, ಅದನ್ನು ನಡೆಸಿಯೂ ತೋರಿದವರು ಗೋಪಾಲದಾಸರು. ಚಿತ್ರಭಾನು ಸಂವತ್ಸರದಲ್ಲಿ (1762) ಉತ್ತನೂರಿನಲ್ಲಿ ಅವರು ಹರಿಪದ ಸೇರಿದಾಗ ವಯಸ್ಸು ಸುಮಾರು ನಲವತ್ತು. ಅವರಿಂದ ಆಯುಷ್ಯ ಪಡೆದವರು ಎಂಬತ್ತನ್ನು ಕಂಡರು.

ಕೃತಜ್ಞತೆಯೇ ಸಾಧನೆಯಾದ ಬಗೆ

ಗುಣವಾದ ಮೇಲೆ ಆಚಾರ್ಯರು ಪಂಢರಪುರಕ್ಕೆ ತೆರಳಿದರು. ಚಂದ್ರಭಾಗೆಯಲ್ಲಿ ಸ್ನಾನ ಮಾಡುವಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆ ಅವರಿಗೆ ದೊರೆಯಿತೆಂದು ಪ್ರತೀತಿ. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಯಾವುದನ್ನು ಪಾಮರರ ಕೆಲಸವೆಂದು ಕಡೆಗಣಿಸಿದ್ದರೋ ಅದನ್ನೇ ಜೀವನವ್ರತವಾಗಿ ಸ್ವೀಕರಿಸಿ ಮಾನವಿಗೆ ಮರಳಿದರು.

ಪಡೆದ ಆಯುಷ್ಯವನ್ನು ಅವರು ವ್ಯರ್ಥಗೊಳಿಸಲಿಲ್ಲ. ಕೀರ್ತನೆಗಳು, ಸುಳಾದಿಗಳು, ಉಗಾಭೋಗಗಳು, ನಿತ್ಯಸ್ಮರಣೆಗೆ ಒದಗುವ ತತ್ತ್ವಸುವ್ವಾಲಿ ಅವರಿಂದ ಹೊರಹೊಮ್ಮಿದವು. ವಿಜಯದಾಸರನ್ನೂ ಗೋಪಾಲದಾಸರನ್ನೂ ಮಂತ್ರಾಲಯಪ್ರಭುಗಳನ್ನೂ ಮನಸಾರೆ ಕೊಂಡಾಡಿದರು. ಎಲ್ಲಕ್ಕೂ ಕಳಶಪ್ರಾಯವಾದುದು ಭಾಮಿನೀ ಷಟ್ಪದಿಯಲ್ಲಿ ರಚಿತವಾದ ಹರಿಕಥಾಮೃತಸಾರ. ಪಂಚಭೇದ, ತಾರತಮ್ಯ, ಬಿಂಬಪ್ರತಿಬಿಂಬಭಾವ, ಭಗವಂತನ ಸರ್ವವ್ಯಾಪ್ತಿ ಮೊದಲಾದ ಶ್ರೀಮದಾಚಾರ್ಯರ ಸಿದ್ಧಾಂತದ ಪ್ರಮೇಯಗಳನ್ನು 32 ಸಂಧಿಗಳಲ್ಲಿ ತಿಳಿಗನ್ನಡಕ್ಕೆ ಇಳಿಸಿದ ಗ್ರಂಥವಿದು. ಉಣ್ಣುವ ಅನ್ನದಲ್ಲಿಯೂ ಭಗವಂತನ ರೂಪಗಳನ್ನು ಚಿಂತಿಸುವ ಕ್ರಮವನ್ನು ಭೋಜನರಸವಿಭಾಗ ಸಂಧಿಯಲ್ಲಿ ಅವರು ವಿವರಿಸಿದ್ದಾರೆ. ಉದರವ್ಯಾಧಿಯಿಂದ ಅನ್ನಕ್ಕೆ ಎರವಾಗಿದ್ದವರು ಆ ಸಂಧಿಯನ್ನು ರಚಿಸಿದರೆಂಬುದನ್ನು ನೆನೆದಾಗ ಅದರ ಅರ್ಥ ಇನ್ನಷ್ಟು ಆಳವಾಗುತ್ತದೆ.

ಲಿಂಗಸುಗೂರಿನ ಶ್ರೀ ಪ್ರಾಣೇಶದಾಸರು, ಶ್ರೀದವಿಠಲಾಂಕಿತರಾದ ಕರ್ಜಗಿ ದಾಸಪ್ಪನವರು ಮೊದಲಾದ ಶಿಷ್ಯರು ಈ ಪರಂಪರೆಯನ್ನು ಮುನ್ನಡೆಸಿದರು. ಹರಿಕಥಾಮೃತಸಾರದ ಫಲಶ್ರುತಿ ಸಂಧಿ ಶ್ರೀದವಿಠಲರದು. ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, 1809ರಲ್ಲಿ, ಜಗನ್ನಾಥದಾಸರು ಮಾನವಿಯಲ್ಲಿ ಹರಿಧ್ಯಾನಪರರಾಗಿ ದೇಹತ್ಯಾಗ ಮಾಡಿದರು. ಅವರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆ ಎಂಬ ನಂಬಿಕೆಯಿಂದ ಭಕ್ತರು ಇಂದಿಗೂ ಅದನ್ನು ಪೂಜಿಸುತ್ತಾರೆ.

ಊರು ಬಿಟ್ಟು ದೂರದ ಮಹಾನಗರಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿಯೂ ಮಗುವಿಗೆ ಕಠಿಣ ಕಾಯಿಲೆ ಬಂದಾಗ ವೈದ್ಯರ ಚಿಕಿತ್ಸೆಯ ಜೊತೆಗೇ ರಾಯರಿಗೆ ಹರಕೆ ಹೊರುವುದು, ಗೋಪಾಲದಾಸರ ಧನ್ವಂತರಿ ಕೀರ್ತನೆಯನ್ನು ಹಾಡುವುದು ನಡೆದುಬಂದಿದೆ. ಗುಣವಾದ ಮೇಲೆ ಹರಕೆ ತೀರಿಸುವುದೂ ಉಂಟು. ಅಲ್ಲಿಗೆ ಋಣ ಮುಗಿಯದೆಂಬುದನ್ನು ಜಗನ್ನಾಥದಾಸರ ಚರಿತ್ರೆ ತಿಳಿಸುತ್ತದೆ. ಮರಳಿ ದೊರೆತ ಒಂದೊಂದು ದಿನವೂ ಇನ್ನೊಬ್ಬರ ಅನುಗ್ರಹದಿಂದ ಬಂದದ್ದೆಂದು ತಿಳಿದು, ಆ ದಿನವನ್ನು ಹರಿಸೇವೆಗೂ ಪರೋಪಕಾರಕ್ಕೂ ಮೀಸಲಿಡುವುದೇ ನಿಜವಾದ ಕಾಣಿಕೆ. ಅಂಥ ಬುದ್ಧಿಯನ್ನು ದಾಸವರ್ಯರು ಎಲ್ಲರಿಗೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು