ಪಂದ್ಯಂಡ ಬೆಳ್ಯಪ್ಪನವರು

ತನ್ನ ಮತವನ್ನು ಮರೆಮಾಡದೆ ಜನರ ಮುಂದಿಡುವುದು, ಬಳಿಕ ಜನರ ತೀರ್ಪನ್ನು ಎದುರಿಸಲು ಅಂಜದಿರುವುದು. ಪತ್ರಿಕಾಕರ್ತನ ಧರ್ಮವೆಲ್ಲವೂ ಈ ಎರಡರಲ್ಲಿ ಅಡಗಿದೆಯೆಂದು ನಾವು ತಿಳಿದಿದ್ದೇವೆ. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಕೊಡಗಿನ ಪಂದ್ಯಂಡ ಬೆಳ್ಯಪ್ಪನವರದು ಅಪ್ಪಟ ಬಂಗಾರದ ಬಾಳು.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಆಂಗ್ಲರು ಕೊಡಗನ್ನು ಕತ್ತಿಯಿಂದ ಮಾತ್ರ ಆಳಲಿಲ್ಲ, ಮನ್ನಣೆಯಿಂದಲೂ ಆಳಿದರು. ದೇಶವನ್ನೆಲ್ಲ ನಿರಾಯುಧಗೊಳಿಸಿದ ಶಾಸನದಿಂದ ಕೊಡವರಿಗೆ ವಿನಾಯಿತಿ ದೊರೆತಿತ್ತು. ಅಂಥ ನಾಡಿನಲ್ಲಿ ರಾಜನಿಷ್ಠೆಯ ಬೇರು ಆಳವಾಗಿದ್ದುದು ಸಹಜವೇ. ಬಾನುಲಿಯ ದನಿ ಆ ಬೆಟ್ಟಗಳನ್ನಿನ್ನೂ ತಲಪದಿದ್ದ ಕಾಲದಲ್ಲಿ ಸ್ವರಾಜ್ಯದ ಮಾತನ್ನು ಮನೆಮನೆಗೆ ಒಯ್ಯುವ ಭಾರ ಅಚ್ಚಿನ ಅಕ್ಷರದ ಮೇಲೆಯೇ ಬಿದ್ದಿತು. ‘ಕೊಡಗು’ ವಾರಪತ್ರಿಕೆಯ ಸಂಪಾದಕರಾಗಿ ಬೆಳ್ಯಪ್ಪನವರು ಆ ಭಾರವನ್ನು ಹೊತ್ತರು. ಅವರ ಮನೆಮಾತು ಕೊಡವ ನುಡಿ, ಪತ್ರಿಕೆಯ ಮಾತು ಕನ್ನಡ. ಬರೆದುದನ್ನು ಬಾಳಿ ತೋರಿಸಲು ಅವರು ಸೆರೆಮನೆಗೂ ಹೋದರು. ಜನರು ಅವರನ್ನು ಕೊಡಗಿನ ಗಾಂಧಿಯೆಂದೇ ಕರೆದರು. 1934ರ ಫೆಬ್ರವರಿಯಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಮಹಾತ್ಮರು ಕೊಡಗಿಗೆ ಬಂದಾಗ, ಅವರ ಮಾತಿಗೆ ನೆಲವನ್ನು ಹದಗೊಳಿಸಿಟ್ಟವರಲ್ಲಿ ಬೆಳ್ಯಪ್ಪನವರೂ ಒಬ್ಬರು.

ಸ್ವಾತಂತ್ರ್ಯದ ಬಳಿಕ ಅವರ ನಿಜವಾದ ಪರೀಕ್ಷೆ ಬಂದಿತು. ಕೊಡಗು ಮೈಸೂರಿನೊಡನೆ ಕೂಡಬೇಕೆ, ಬೇರೆಯಾಗಿಯೇ ಉಳಿಯಬೇಕೆ? 1952ರ ಚುನಾವಣೆಯಲ್ಲಿ ಸಿ. ಎಂ. ಪೂಣಚ್ಚನವರ ನಾಯಕತ್ವದ ಕಾಂಗ್ರೆಸ್ಸು ವಿಲೀನದ ಪರವಾಗಿ ನಿಂತಿತು. ಕಾಂಗ್ರೆಸ್ಸಿನ ಆಂದೋಲನದಲ್ಲಿ ಬೆಳೆದ ಬೆಳ್ಯಪ್ಪನವರು ವಿಲೀನವನ್ನು ವಿರೋಧಿಸಿದವರ ಮುಂದಾಳಾದರು. ಪಕ್ಷೇತರರಿಗೆ ದೊರೆತ ತಕ್ಕಡಿಯ ಗುರುತಿನಿಂದ ಆ ಪಕ್ಷಕ್ಕೆ ತಕ್ಕಡಿ ಪಕ್ಷವೆಂಬ ಹೆಸರೇ ಬಂದಿತು. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ತಕ್ಕಡಿಗೆ 9. ನಾಲ್ಕು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ಕೊಡಗು ಮೈಸೂರು ರಾಜ್ಯದಲ್ಲಿ ಒಂದಾಯಿತು.

ಏಕೀಕರಣದ ಪಕ್ಷಪಾತಿಗಳಾದ ನಾವು ಆ ತೀರ್ಪನ್ನು ಸರಿಯೆಂದೇ ಎಣಿಸುತ್ತೇವೆ. ಆದರೆ ಕನ್ನಡದಲ್ಲಿಯೇ ಬರೆದು ಕನ್ನಡಿಗರೊಡನೆಯೇ ಸೆರೆಮನೆ ಕಂಡವರು ಸಣ್ಣ ನಾಡೊಂದು ದೊಡ್ಡ ರಾಜ್ಯದಲ್ಲಿ ಕರಗಿಹೋದೀತೆಂದು ಶಂಕಿಸಿದುದನ್ನು ದ್ರೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸ್ವಾಯತ್ತತೆಯ ಕೂಗು ಕೊಡಗಿನಲ್ಲಿ ಇಂದಿಗೂ ಅಡಗಿಲ್ಲ. ಅದಕ್ಕೆ ಉತ್ತರ ಬೈಗುಳವಲ್ಲ, ಒಳ್ಳೆಯ ಆಡಳಿತ. ಹದಿನೈದು ಜನ ಗೆದ್ದಲ್ಲಿ ಒಂಬತ್ತು ಜನರ ಮಾತನ್ನೂ ಕೇಳಿಸಿಕೊಳ್ಳುವುದು ಗೆದ್ದವರ ಹೊಣೆ. ಆ ಹೊಣೆಯನ್ನು ಕನ್ನಡ ನಾಡು ನೆರವೇರಿಸುವ ದಿನವೇ ಬೆಳ್ಯಪ್ಪನವರಿಗೆ ನಾವು ಸಲ್ಲಿಸುವ ಗೌರವ ಪೂರ್ಣವಾದೀತು.