ಸರ್ ಸಿ.ವಿ. ರಾಮನ್ ಮತ್ತು ಕಲಾಕೃತಿಗಳ ಸಂರಕ್ಷಣೆ

ಬೆಂಗಳೂರು ನಗರದ ಪೂರ್ವ ಭಾಗದಲ್ಲಿ, ಇಂದಿರಾನಗರ ಮತ್ತು ಕೃಷ್ಣರಾಜಪುರಗಳ ನಡುವೆ ಇರುವ ಸಿ.ವಿ. ರಾಮನ್ ನಗರವು ಭಾರತರತ್ನ ಸರ್ ಚಂದ್ರಶೇಖರ ವೆಂಕಟ ರಾಮನ್ ಅವರ ಹೆಸರನ್ನು ಹೊತ್ತ ಬಡಾವಣೆಯಾಗಿದೆ. ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳಿಗೆ ಹೆಸರಾದ ಈ ಬಡಾವಣೆಯಲ್ಲಿ ರಾಮನ್ ಅವರನ್ನು ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಎಂದು ಅರಿಯದವರು ವಿರಳ. ಆದರೆ ಅವರು ಕಂಡುಹಿಡಿದ ಬೆಳಕಿನ ಒಂದು ಗುಣವು ಇಂದು ಪ್ರಪಂಚದ ಪ್ರಮುಖ ಸಂಗ್ರಹಾಲಯಗಳಲ್ಲಿ ಪ್ರಾಚೀನ ಚಿತ್ರ ಹಾಗೂ ಹಸ್ತಪ್ರತಿಗಳ ಸಂರಕ್ಷಣೆಗೆ ನೆರವಾಗುತ್ತಿರುವ ವಿಷಯ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಅವರ ಜೀವನ ಮತ್ತು ಸಾಧನೆಯನ್ನು ಇಲ್ಲಿ ಆ ದೃಷ್ಟಿಯಿಂದ ಪರಿಚಯಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿದ್ದುದರಿಂದ ರಾಮನ್ ಅವರ ಬಾಲ್ಯ ಪುಸ್ತಕಗಳ ನಡುವೆ ಕಳೆಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪದವಿಯನ್ನೂ 1907ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕನ್ನು ಕುರಿತ ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದೇ 1907ರಲ್ಲಿ ಲೋಕಸುಂದರಿಯವರೊಡನೆ ವಿವಾಹವಾಯಿತು.

ಕಲ್ಕತ್ತೆಯ ದಿನಗಳು

1907ರಲ್ಲಿ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಗೆ ಸೇರಿದ ರಾಮನ್ ಅವರು, ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಘದಲ್ಲಿ ಕಚೇರಿಗೆ ಹೋಗುವ ಮೊದಲು ಮತ್ತು ಕಚೇರಿಯಿಂದ ಬಂದ ಮೇಲೆ ಪ್ರಯೋಗಗಳನ್ನು ನಡೆಸುತ್ತಿದ್ದರು. ವೀಣೆ, ತಂಬೂರಿ, ಪಿಟೀಲು, ಮೃದಂಗ ಮತ್ತು ತಬಲಗಳ ನಾದವನ್ನು ಕುರಿತ ಅವರ ಅಧ್ಯಯನಗಳು ಈ ಅವಧಿಗೆ ಸೇರಿದವು. 1917ರಲ್ಲಿ ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ತ್ಯಜಿಸಿ, ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಸ್ವೀಕರಿಸಿದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಬಣ್ಣ ಅವರ ಗಮನ ಸೆಳೆಯಿತು. ಸಮುದ್ರವು ಆಕಾಶದ ಪ್ರತಿಬಿಂಬದಿಂದ ನೀಲಿಯಾಗಿ ಕಾಣುವುದೆಂಬುದು ಅಂದಿನ ವಿದ್ವಾಂಸರ ಅಭಿಪ್ರಾಯವಾಗಿತ್ತು. ರಾಮನ್ ಅವರು ಚಿಕ್ಕದೊಂದು ಪಟ್ಟಕದ ನೆರವಿನಿಂದ ಪ್ರತಿಬಿಂಬವನ್ನು ಮರೆಮಾಡಿ ನೋಡಿದರೂ ನೀಲಿ ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಮುಂದಿನ ಏಳು ವರ್ಷಗಳ ಶೋಧನೆಗೆ ಇದು ನಾಂದಿಯಾಯಿತು.

ಅಂದಿನ ಸಂರಕ್ಷಣೆಯ ಸ್ಥಿತಿ

ಇದೇ ಕಾಲದಲ್ಲಿ, 1920ರ ದಶಕದ ಆರಂಭದಲ್ಲಿ, ಹೈದರಾಬಾದಿನ ನಿಜಾಮರ ಸರ್ಕಾರವು ಅಜಂತಾ ಗುಹೆಗಳ ಭಿತ್ತಿಚಿತ್ರಗಳನ್ನು ಉಳಿಸಲು ಇಟಲಿಯ ತಜ್ಞರನ್ನು ಕರೆಸಿತ್ತು. ಅವರು ಗೋಡೆಯಿಂದ ಸಡಿಲಗೊಂಡಿದ್ದ ಗಾರೆಯನ್ನು ಭದ್ರಪಡಿಸಿ, ಚಿತ್ರಗಳ ಮೇಲೆ ಅರಗಿನ ಲೇಪವನ್ನು ಬಳಿದರು. ಬಣ್ಣಗಳು ಸದ್ಯಕ್ಕೆ ಉಜ್ವಲವಾಗಿ ಕಂಡವು. ಆದರೆ ವರ್ಷಗಳು ಕಳೆದಂತೆ ಲೇಪವು ಹಳದಿಗೆ ತಿರುಗಿ, ಧೂಳು ಮತ್ತು ಮಸಿಯನ್ನು ಹಿಡಿದಿಟ್ಟುಕೊಂಡು, ಚಿತ್ರಗಳನ್ನು ಮಸುಕುಗೊಳಿಸಿತು. ಅದನ್ನು ಅಂಗುಲ ಅಂಗುಲವಾಗಿ ತೆಗೆಯುವ ಕೆಲಸ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಸಾಯನ ತಜ್ಞರ ಪಾಲಿಗೆ ಬಂದಿತು.

ಸದುದ್ದೇಶದಿಂದ ಮಾಡಿದ ಉಪಚಾರವೂ ಕಲಾಕೃತಿಗೆ ಕೇಡಾಗಬಹುದೆಂಬುದಕ್ಕೆ ಇದು ನಿದರ್ಶನ. ಚಿತ್ರದಲ್ಲಿರುವ ವಸ್ತು ಯಾವುದು, ಅದಕ್ಕೆ ಏನಾಗಿದೆ ಎಂಬುದನ್ನು ಅರಿಯದೆ ಉಪಚಾರಕ್ಕೆ ತೊಡಗುವಂತಿಲ್ಲ. ಆದರೆ ಅಂದು ಬಣ್ಣವನ್ನು ಪರೀಕ್ಷಿಸಬೇಕಾದರೆ ಚಿತ್ರದಿಂದ ಚೂರನ್ನು ಕೆರೆದು ತೆಗೆದು ರಾಸಾಯನಿಕಗಳಲ್ಲಿ ಕರಗಿಸಬೇಕಾಗಿತ್ತು. ಉಳಿಸಬೇಕಾದುದನ್ನು ತಿಳಿಯಲು ಅದರ ಒಂದಂಶವನ್ನು ನಾಶ ಮಾಡಬೇಕಾದ ಈ ಇಕ್ಕಟ್ಟಿಗೆ ಪರಿಹಾರದ ಬೀಜ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಮೊಳೆಯುತ್ತಿತ್ತು.

ರಾಮನ್ ಪರಿಣಾಮ

ರಾಮನ್ ಅವರು ಶಿಷ್ಯರಾದ ಕೆ.ಎಸ್. ಕೃಷ್ಣನ್ ಅವರೊಡಗೂಡಿ ಸುಮಾರು 60 ದ್ರವಗಳನ್ನು ಪರೀಕ್ಷಿಸಿ, 1928ರ ಫೆಬ್ರವರಿ 28ರಂದು ತಮ್ಮ ಶೋಧವನ್ನು ಖಚಿತಪಡಿಸಿಕೊಂಡರು. ಅದೇ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಹಾಯಿಸಿದಾಗ ಚದುರಿದ ಬೆಳಕಿನ ಬಹುಭಾಗ ಅದೇ ಬಣ್ಣದ್ದಾಗಿರುತ್ತದೆ. ಅತ್ಯಲ್ಪ ಭಾಗ, ಸ್ಥೂಲವಾಗಿ ಒಂದು ಕೋಟಿಯಲ್ಲಿ ಒಂದು ಪಾಲು, ಅಣುಗಳ ಕಂಪನದೊಡನೆ ಶಕ್ತಿಯ ಕೊಡುಕೊಳೆ ನಡೆಸಿ ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಈ ಬದಲಾವಣೆ ವಸ್ತುವಿನಿಂದ ವಸ್ತುವಿಗೆ ಭಿನ್ನ. ಆದುದರಿಂದ ಅದನ್ನು ವಸ್ತುವಿನ ಬೆರಳಚ್ಚು ಎನ್ನಬಹುದು. ಇದಕ್ಕಾಗಿ ರಾಮನ್ ಅವರಿಗೆ 1929ರಲ್ಲಿ ಸರ್ ಪದವಿಯೂ 1930ರಲ್ಲಿ ನೊಬೆಲ್ ಪಾರಿತೋಷಕವೂ ಲಭಿಸಿದವು. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ಬೆಂಗಳೂರಿನಲ್ಲಿ ರಾಮನ್

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೆ ಬಂದ ಭಾರತೀಯರಲ್ಲಿ ಅವರೇ ಮೊದಲಿಗರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಕಾಡೆಮಿಗಾಗಿ ಮೈಸೂರು ಸಂಸ್ಥಾನದ ಸರ್ಕಾರವು ಹೆಬ್ಬಾಳದ ಕಡೆಗೆ ಜಮೀನನ್ನು ನೀಡಿತು. 1937ರಲ್ಲಿ ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ನೀಡಿದರೂ, 1948ರವರೆಗೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಅಲ್ಲಿಯೇ ಮುಂದುವರಿದರು. ನಿವೃತ್ತಿಯ ವರ್ಷದಲ್ಲಿಯೇ ಅಕಾಡೆಮಿಯ ಆವರಣದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಆರಂಭವಾಯಿತು. 1954ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು.

ಬೆಂಗಳೂರಿನ ವರ್ಷಗಳಲ್ಲಿ ಅವರ ಗಮನ ಬಣ್ಣಗಳ ಕಡೆಗೆ ವಿಶೇಷವಾಗಿ ಹರಿಯಿತು. ಮುತ್ತು, ಚಿಪ್ಪು, ಹಕ್ಕಿಯ ಗರಿ, ವಜ್ರ, ಕ್ಷೀರಸ್ಫಟಿಕ ಮುಂತಾದವುಗಳ ಹೊಳಪಿನ ಕಾರಣಗಳನ್ನು ಅವರು ಅರಸಿದರು. ಇವುಗಳ ಸಾಲಿನಲ್ಲಿ ನೆಲದಲ್ಲಿ ಹೂತಿದ್ದ ಪ್ರಾಚೀನ ಗಾಜನ್ನು ಕುರಿತ ಅಧ್ಯಯನ ಸಂಗ್ರಹಾಲಯಗಳಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ. ಶತಮಾನಗಳ ಕಾಲ ಮಣ್ಣಿನ ತೇವದಲ್ಲಿದ್ದ ಗಾಜು ತನ್ನ ಕ್ಷಾರಾಂಶವನ್ನು ಕಳೆದುಕೊಂಡು ಪದರ ಪದರವಾಗಿ ಶಿಥಿಲಗೊಳ್ಳುತ್ತದೆ. ಅತಿ ತೆಳುವಾದ ಈ ಪದರಗಳ ಮೇಲೆ ಬಿದ್ದ ಬೆಳಕು ಕಾಮನಬಿಲ್ಲಿನ ಬಣ್ಣಗಳನ್ನು ತೋರುತ್ತದೆ. ನೋಡುವವರಿಗೆ ಅಂದವಾಗಿ ಕಾಣುವ ಈ ಹೊಳಪು ವಾಸ್ತವವಾಗಿ ಗಾಜಿನ ಕ್ಷಯದ ಚಿಹ್ನೆ. ಉಜ್ಜಿ ತೊಳೆದರೆ ಪಾತ್ರೆಯ ಮೂಲ ಮೇಲ್ಮೈಯೇ ಕಳಚಿ ಹೋಗುತ್ತದೆ. ಆದ್ದರಿಂದಲೇ ಇಂತಹ ಗಾಜನ್ನು ಸಂಗ್ರಹಾಲಯಗಳಲ್ಲಿ ನಿಯಂತ್ರಿತ ತೇವಾಂಶದಲ್ಲಿಟ್ಟು ಕಾಪಾಡಲಾಗುತ್ತದೆ.

ರಾಮನ್ ಸಂಗ್ರಹಾಲಯ

ರಾಮನ್ ಅವರು ಸ್ವತಃ ಉತ್ತಮ ಸಂಗ್ರಾಹಕರಾಗಿದ್ದರು. ಹರಳು, ಖನಿಜ, ಶಿಲೆ, ಚಿಪ್ಪು ಹಾಗೂ ಚಿಟ್ಟೆಗಳನ್ನು ಆಸಕ್ತಿಯಿಂದ ಕೂಡಿಸಿ ತಮ್ಮ ಸಂಸ್ಥೆಯಲ್ಲಿ ಒಂದು ಸಂಗ್ರಹಾಲಯವನ್ನು ಏರ್ಪಡಿಸಿದರು. ಕತ್ತಲೆಯ ಕೋಣೆಯಲ್ಲಿ ನೇರಳಾತೀತ ದೀಪವನ್ನು ಹೊತ್ತಿಸಿ, ಸಾಧಾರಣವಾಗಿ ಕಾಣುವ ಕಲ್ಲುಗಳು ಹಲವು ಬಣ್ಣಗಳಿಂದ ಬೆಳಗುವುದನ್ನು ಸಂದರ್ಶಕರಿಗೆ ತಾವೇ ತೋರಿಸಿ ವಿವರಿಸುತ್ತಿದ್ದರು. ಹಳೆಯ ತೈಲಚಿತ್ರಗಳ ಮೇಲಿನ ಮೆರುಗೆಣ್ಣೆಯ ಪದರವನ್ನೂ ನಂತರದ ತಿದ್ದುಪಡಿಗಳನ್ನೂ ಗುರುತಿಸಲು ಸಂರಕ್ಷಣಾ ತಜ್ಞರು ಇಂತಹುದೇ ದೀಪವನ್ನು ಬಳಸುತ್ತಾರೆ.

ಕಲಾಕೃತಿಗಳ ಪರೀಕ್ಷೆಯಲ್ಲಿ ರಾಮನ್ ವಿಧಾನ

ಆರಂಭದಲ್ಲಿ ರಾಮನ್ ಬೆಳಕನ್ನು ಫೋಟೋ ಫಲಕದ ಮೇಲೆ ದಾಖಲಿಸಲು ಗಂಟೆಗಟ್ಟಲೆ ಕಾಲ ಹಿಡಿಯುತ್ತಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಈ ತೊಡಕು ನೀಗಿತು. 1970ರ ದಶಕದಲ್ಲಿ ಲೇಸರನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಲಾಯಿತು. ಇದರಿಂದ ಕೂದಲೆಳೆಗಿಂತ ಚಿಕ್ಕದಾದ ಬಣ್ಣದ ಕಣವನ್ನು, ಚಿತ್ರದಿಂದ ಬೇರ್ಪಡಿಸದೆಯೇ, ಗುರುತಿಸುವುದು ಸಾಧ್ಯವಾಯಿತು.

ಇದರ ಉಪಯೋಗವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಂಗಳೀಕ ಮತ್ತು ಸೀಸದ ಸಿಂಧೂರ ಎರಡೂ ಕೆಂಪು ಬಣ್ಣಗಳೇ. ಇಂಗಳೀಕವು ಪಾದರಸದಿಂದಾದುದು, ಸಿಂಧೂರವು ಸೀಸದಿಂದಾದುದು. ಎರಡೂ ಕಾಲಕ್ರಮದಲ್ಲಿ ಕಪ್ಪಾಗಬಹುದು, ಆದರೆ ಕಪ್ಪಾಗುವ ಬಗೆ ಬೇರೆ. ಸೀಸದ ಸಫೇದವೂ ಗಂಧಕದ ಅನಿಲ ತಗುಲಿದಲ್ಲಿ ಕಪ್ಪಾಗುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಗಳ ಉಬ್ಬು ಕೆಲಸದಲ್ಲಿ ಸಫೇದವನ್ನು ಬಳಸುತ್ತಿದ್ದುದರಿಂದ ಈ ವಿಷಯ ನಮ್ಮ ನಾಡಿನ ಸಂಗ್ರಹಗಳಿಗೂ ಅನ್ವಯಿಸುತ್ತದೆ. ಕಪ್ಪು ಕಲೆ ಮಸಿಯೋ, ರೂಪಾಂತರಗೊಂಡ ಬಣ್ಣವೋ ಎಂದು ತಿಳಿಯದೆ ಒರೆಸಿದರೆ ಮೂಲ ಚಿತ್ರವೇ ಅಳಿಸಿಹೋದೀತು. ರಾಮನ್ ವಿಧಾನವು ಈ ಬಣ್ಣಗಳನ್ನು ಮುಟ್ಟದೆಯೇ ಒಂದರಿಂದ ಒಂದನ್ನು ಪ್ರತ್ಯೇಕಿಸಿ ತೋರುತ್ತದೆ.

ಇಂಗ್ಲೆಂಡಿನಲ್ಲಿರುವ 8ನೇ ಶತಮಾನದ ಲಿಂಡಿಸ್‌ಫಾರ್ನ್ ಹಸ್ತಪ್ರತಿಯ ನೀಲಿ ಬಣ್ಣವನ್ನು ದೂರದ ಆಫ್ಘಾನಿಸ್ತಾನದ ಲಾಜವರ್ದ ಕಲ್ಲಿನದೆಂದು ಭಾವಿಸಲಾಗಿತ್ತು. ರಾಮನ್ ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಅದು ಸಸ್ಯಮೂಲದ ನೀಲಿ ಎಂದು ತಿಳಿದುಬಂದಿತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿರುವ ವಿನ್‌ಲ್ಯಾಂಡ್ ಭೂಪಟವನ್ನು 15ನೇ ಶತಮಾನದ್ದೆಂದು ಹೇಳಲಾಗುತ್ತಿತ್ತು. 2002ರಲ್ಲಿ ಲಂಡನ್ನಿನ ವಿಜ್ಞಾನಿಗಳು ರಾಮನ್ ವಿಧಾನದಿಂದ ಪರೀಕ್ಷಿಸಿದಾಗ, ಅದರ ರೇಖೆಗಳ ಹಳದಿ ಅಂಚಿನಲ್ಲಿ 1920ರ ದಶಕದಿಂದೀಚೆಗೆ ಕಾರ್ಖಾನೆಗಳಲ್ಲಿ ತಯಾರಾಗುತ್ತಿರುವ ಟೈಟಾನಿಯಂ ಸಂಯುಕ್ತ ಕಂಡುಬಂದಿತು. 2021ರಲ್ಲಿ ವಿಶ್ವವಿದ್ಯಾನಿಲಯವೇ ಆ ಭೂಪಟವನ್ನು ನಕಲಿ ಎಂದು ಘೋಷಿಸಿತು.

ಈ ವಿಧಾನಕ್ಕೂ ಮಿತಿಗಳಿವೆ. ಹಳೆಯ ಮೆರುಗೆಣ್ಣೆ ಮತ್ತು ಕೆಲವು ಸಸ್ಯಮೂಲದ ಬಣ್ಣಗಳು ತಾವೇ ಪ್ರಕಾಶಿಸಿ, ದುರ್ಬಲವಾದ ರಾಮನ್ ಬೆಳಕನ್ನು ಮುಚ್ಚಿಬಿಡುತ್ತವೆ. ಲೇಸರ್ ಪ್ರಖರವಾದರೆ ಸೀಸದ ಕೆಲವು ಬಣ್ಣಗಳು ಸ್ಥಳದಲ್ಲಿಯೇ ಮಾರ್ಪಾಡಾಗುತ್ತವೆ. ಆದುದರಿಂದ ತಜ್ಞರು ಅತ್ಯಂತ ಮಂದ ಬೆಳಕಿನಿಂದ ಪರೀಕ್ಷೆಯನ್ನು ಆರಂಭಿಸುತ್ತಾರೆ.

ಸಂಗ್ರಹಾಲಯಗಳಲ್ಲಿ ಬೆಳಕಿನ ನಿಯಂತ್ರಣ

ಕಲಾಕೃತಿಯ ಗುಟ್ಟನ್ನು ಹೇಳುವ ಬೆಳಕೇ ಅದನ್ನು ಸವೆಸುವ ಶಕ್ತಿಯೂ ಆಗಿದೆ. ಬೆಳಕಿನಿಂದಾದ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಜಲವರ್ಣ ಚಿತ್ರ, ಕಾಗದ ಮತ್ತು ಬಟ್ಟೆಗಳಿಗೆ ಸುಮಾರು 50 ಲಕ್ಸ್, ತೈಲಚಿತ್ರಗಳಿಗೆ ಸುಮಾರು 200 ಲಕ್ಸ್ ಬೆಳಕು ಸಾಕೆಂಬುದು ಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಅನುಸರಿಸಲಾಗುವ ಮಿತಿ. ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರಬಹುದು. ವರ್ಣಶಿಲ್ಪಿ ಕೆ. ವೆಂಕಟಪ್ಪನವರ ನಿಸರ್ಗಚಿತ್ರಗಳಂತಹ ಜಲವರ್ಣ ಕೃತಿಗಳಿಗೆ ಮಂದ ಬೆಳಕು ಬೇಕಾಗುವುದು ಈ ಕಾರಣದಿಂದ.

ಸಾರ್ವಜನಿಕರು ಪ್ರದರ್ಶಿತ ವಸ್ತುಗಳನ್ನು ಮುಟ್ಟದೆ ಸಹಕರಿಸುವುದು ಅಗತ್ಯ. ಮನೆಯಲ್ಲಿರುವ ಹಳೆಯ ಚಿತ್ರಪಟಗಳನ್ನು ಬಿಸಿಲು ಬೀಳುವ ಅಥವಾ ತೇವ ತಗುಲುವ ಗೋಡೆಗೆ ತೂಗುಹಾಕಬಾರದು. ಹೊಳಪು ಬರಲೆಂದು ಎಣ್ಣೆ ಸವರುವುದು, ಒದ್ದೆ ಬಟ್ಟೆಯಿಂದ ಒರೆಸುವುದು ಹಾನಿಕರ.

ನಿಧನ

ಕೊನೆಯ ವರ್ಷಗಳಲ್ಲಿ ರಾಮನ್ ಅವರು ಹೂವುಗಳ ಬಣ್ಣ ಮತ್ತು ಮನುಷ್ಯನ ದೃಷ್ಟಿಯನ್ನು ಕುರಿತು ಅಧ್ಯಯನ ನಡೆಸಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಆ ಸ್ಥಳದಲ್ಲಿ ಗೋಪುರ ಮಂಟಪಗಳಿಲ್ಲ. ಒಂದು ಮರವನ್ನು ಬೆಳೆಸಲಾಗಿದೆ.

ತಮ್ಮ ಶೋಧವು ಚಿತ್ರಶಾಲೆಗಳನ್ನು ಪ್ರವೇಶಿಸಿದುದನ್ನು ನೋಡಲು ಅವರು ಉಳಿಯಲಿಲ್ಲ. ಸಮುದ್ರದ ನೀಲಿಯನ್ನು ಅರಿಯಬೇಕೆಂಬ ಕುತೂಹಲದಿಂದ ಮೊದಲಾದ ಆ ಶೋಧ ಇಂದು ಹಳೆಯ ಹಸ್ತಪ್ರತಿಯ ನೀಲಿಯನ್ನು ನೋಯಿಸದೆ ಓದಲು ನೆರವಾಗುತ್ತಿದೆ. ಒಂದು ಬಡಾವಣೆಗೆ ಇಟ್ಟ ಹೆಸರಿನ ಜೊತೆಗೆ, ಕಲಾಪರಂಪರೆಯನ್ನು ಕಾಯುವ ಈ ಸೇವೆಯೂ ಸರ್ ಸಿ.ವಿ. ರಾಮನ್ ಅವರ ಸ್ಮಾರಕವಾಗಿದೆ.