ಜೀವಕೋಶದ ಹುಳಿಯನ್ನು ಕಂಡ ಮೆಚ್ನಿಕಾಫ್



ಹೊಲಕ್ಕೆ ಹೋದಾಗ ಕಾಲಿಗೆ ಚುಚ್ಚಿದ ಜಾಲಿಮುಳ್ಳನ್ನು ತೆಗೆಯದೆ ಬಿಟ್ಟರೆ ಅಲ್ಲಿ ಕೀವು ಕಟ್ಟುತ್ತದೆಯಲ್ಲವೇ? ಅದು ಏಕೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟ ಮಹನೀಯರೇ ಇಲ್ಯಾ ಮೆಚ್ನಿಕಾಫ್.

ಇವರು 1845ರಲ್ಲಿ, ಈಗಿನ ಉಕ್ರೇನ್ ದೇಶದ ಖಾರ್ಕಿವ್ ನಗರದ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಪ್ರತಿಭಾವಂತರು. ಆದರೆ ಬಾಳು ಸುಗಮವಾಗಿರಲಿಲ್ಲ. ಕಣ್ಣಿನ ಬೇನೆ ಅವರನ್ನು ಕಾಡುತ್ತಿತ್ತು. 1873ರಲ್ಲಿ ಮೊದಲ ಪತ್ನಿ ಕ್ಷಯರೋಗದಿಂದ ತೀರಿಕೊಂಡರು. ಬದುಕೇ ಬೇಡವೆನಿಸುವಷ್ಟು ನೊಂದರೂ ಅವರು ಮೆಲ್ಲಮೆಲ್ಲನೆ ಅಧ್ಯಯನಕ್ಕೆ ಮರಳಿದರು.

1882ರಲ್ಲಿ ಇಟಲಿಯ ಮೆಸ್ಸೀನಾ ಪಟ್ಟಣದಲ್ಲಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಮುಳ್ಳು ಚುಚ್ಚಿ ನೋಡಿದರು. ಮರುದಿನ ಬೆಳಿಗ್ಗೆ ಸಂಚಾರಿ ಜೀವಕೋಶಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು! ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆಂದು ಅವರು ಸಾರಿದರು. ಕೀವಿನಲ್ಲಿ ಬಹುಪಾಲು ಇರುವುದು ಹೀಗೆ ಹೋರಾಡಿ ಮಡಿದ ಬಿಳಿಯ ಕಣಗಳೇ.

ಅನೇಕ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ರೋಗಾಣುಗಳನ್ನು ಕೊಲ್ಲುವುದು ರಕ್ತದ ದ್ರವವೇ ಹೊರತು ಕಣಗಳಲ್ಲವೆಂದು ವಾದಿಸಿದರು. ಮೆಚ್ನಿಕಾಫ್ ಎದೆಗುಂದಲಿಲ್ಲ. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿ ಪ್ರಯೋಗಗಳನ್ನು ಮುಂದುವರಿಸಿದರು.

ನುಂಗಿದ ಪದಾರ್ಥ ಜೀವಕೋಶದೊಳಗೆ ಏನಾಗುತ್ತದೆ? ಇದನ್ನರಿಯಲು ಅವರು ಬಳಸಿದ್ದು ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲೂ ಸಿಗುವ ಲಿಟ್ಮಸ್ಸನ್ನು. ಜೀವಕೋಶಗಳು ನುಂಗಿದ ನೀಲಿ ಲಿಟ್ಮಸ್ ಕಣಗಳು ಒಳಗೆ ಕೆಂಪಾದವು. ಅಲ್ಲಿ ಆಮ್ಲವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

1908ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ದ್ರವದ ಪಕ್ಷದ ಪಾಲ್ ಎರ್ಲಿಕ್ ಅವರಿಗೂ ಅದರಲ್ಲಿ ಸಮಪಾಲು ಸಂದಿತು. ಎರಡು ಪಕ್ಷಗಳಲ್ಲೂ ಸತ್ಯವಿತ್ತೆಂದು ಇಂದು ನಾವು ಬಲ್ಲೆವು. ಹುಳಿ ಹಾಲು ಆಯುಷ್ಯವನ್ನು ಹೆಚ್ಚಿಸುತ್ತದೆಂದು ನಂಬಿ ಅದನ್ನು ನಿತ್ಯವೂ ಸೇವಿಸುತ್ತಿದ್ದ ಮೆಚ್ನಿಕಾಫ್ 1916ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಆ ನಂಬಿಕೆ ಮಾತ್ರ ಇನ್ನೂ ಸಿದ್ಧವಾಗಿಲ್ಲ.

ಲಿಟ್ಮಸ್ ಹುಳಿಯಿದೆ ಎಂದು ಹೇಳುತ್ತದೆ. ಎಷ್ಟಿದೆ ಎಂದು ಹೇಳಲಾರದು. ಆ ಕೊರತೆಯನ್ನು ಹೊಳೆಯುವ ಬಣ್ಣಗಳು ನೀಗಿಸಿವೆ. ಆಮ್ಲ ಹೆಚ್ಚು ಕಡಿಮೆಯಾದಂತೆ ಅವುಗಳ ಬೆಳಕು ಬದಲಾಗುತ್ತದೆ. ಆ ಬೆಳಕನ್ನು ಅಳೆದರೆ ಆಮ್ಲದ ಪ್ರಮಾಣ ತಿಳಿಯುತ್ತದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಮತ್ತು ಅವರ ಸಂಗಡಿಗರು ಡಿ.ಎನ್.ಎ.ಯಿಂದಲೇ ಇಂಥದೊಂದು ಅತಿಸೂಕ್ಷ್ಮ ಸಾಧನವನ್ನು ರಚಿಸಿ, ಜೀವಂತ ಕೋಶದೊಳಗಿನ ಆಮ್ಲವನ್ನು ಅಳೆದು 2009ರಲ್ಲಿ ಪ್ರಕಟಿಸಿದರು.

ಮಕ್ಕಳೇ, ಒಂದು ಮುಳ್ಳು, ಒಂದು ಚಿಟಿಕೆ ಲಿಟ್ಮಸ್ – ಇಷ್ಟರಿಂದಲೇ ದೊಡ್ಡ ಸತ್ಯ ಹೊರಬಿತ್ತು. ನಮ್ಮಲ್ಲಿ ಸಲಕರಣೆಗಳಿಲ್ಲವೆಂದು ಕೊರಗದಿರಿ. ಕಣ್ಣು ತೆರೆದು ನೋಡಿರಿ, ಏಕೆ ಎಂದು ಕೇಳಿರಿ.